ಫೋಟೋ ಎಲ್ಲಿ ನಿಂತು ತಗದಾರ್ರಿ?
ಯಾದಗಿರಿ ಕಡೆ ಗುಡ್ಡದಾಗ ಕಲ್ಲು ಕ್ವಾರಿ ಬಂದ್ರ ನೋಟಕ್ಕೇನೂ ಅಂಥಾ ಧಕ್ಕಿ ಇಲ್ಲ, ಸುತ್ತ ಗಿಡ ಹಚ್ತೀವಿ ಅಂತ ಪರಿಸರದ ಮ್ಯಾಲಿನ ಪರಿಣಾಮದ ರಿಪೋರ್ಟಿನಾಗ (ಇಐಎ) ಬರದಾರಂತ, ಜೋಡಿ ಒಂದ ಫೋಟೋ. ಅದನ್ನ ಎಲ್ಲಿ ನಿಂತು ತಗದಾರ? ಶಹಾಪುರದಾಗ ಮಲಗಿದ ಬುದ್ಧನಂಗ ಕಾಣೋ ಗುಡ್ಡ ನೋಡ್ರಿ, ಸರಿಯಾದ ಜಾಗದಾಗ ನಿಂತ್ರಷ್ಟ ಹಣಿ ಮೂಗು ಎದಿ ಕಾಣ್ತಾವ, ಸ್ವಲ್ಪ ಆಕಡಿ ಸರದ್ರ ಬರೇ ಕಲ್ಲುಗುಡ್ಡ. ಅಂದಮ್ಯಾಲ ಊರ ಅಗಸಿ, ಬಸ್ ಸ್ಟಾಪು, ಜಾತ್ರಿ ಜಾಗ, ಹೊಲದ ಬದು ಎಲ್ಲಾ ಕಡಿಂದ ತಗೀಬೇಕು, ಮತ್ತ ಅದ ಫೋಟೋ ಮ್ಯಾಲ ಐದು ವರ್ಷಕ್ಕ ಹತ್ತು ವರ್ಷಕ್ಕ ಗುಡ್ಡ ಎಷ್ಟು ಉಳಿದಿರ್ತದ ಅಂತ ಕಂಪ್ಯೂಟರ್‌ನಾಗ ಮಾಡಿ ತೋರಿಸಬೇಕು. ತೊಗರಿ ಎದಿಮಟ ನಿಂತಾಗ ತಗದ್ರ ಏನ್ ಕಾಣ್ತದ, ಏಪ್ರಿಲ್‌ನಾಗ ಬರ್ರಿ, ಹೊಲ ಎಲ್ಲಾ ಬೋಳ.

ಶಹಾಬಾದ್ ಕಡೆ ಫರ್ಸಿ ಕಲ್ಲಿನ ಖಣಿ ಇಲ್ಲೇನು, ಅಲ್ಲಿ ನೋಟ ಕೆಟ್ಟದೇನು ಅಂತಾರ. ಅದಾವ, ಖರೆ. ಆದ್ರ ಅವು ನೆಲದಾಗ ಕೆಳಗ ಇಳೀತಾವ, ದಂಡಿಗೆ ಹೋಗೋತನಕ ಗೊತ್ತಾಗಂಗಿಲ್ಲ, ದೂರಿಂದ ಕಾಣೋದು ಬಾಜುಕ ಒಟ್ಟಿದ ಒಡಕಲ್ಲಿನ ಗುಡ್ಡಿ ಅಷ್ಟ. ಗುಡ್ಡ ಕಡಿಯೋದು ಹಂಗಲ್ರಿ, ಮ್ಯಾಲಿನ ಗೆರಿನೇ ತುಂಡಾಗ್ತದ. ಬೇವಿನ ಗಿಡ ಹಚ್ಚಿ ಕಲ್ಲು ಒಡಿಯೋ ಕ್ರಷರ್ ಮರೆ ಮಾಡಬಹುದು, ಆ ಕಚ್ಚು ಬಿದ್ದ ನೆತ್ತಿಗೆ ಏನ್ ಮುಚ್ತೀರಿ? ರಾತ್ರಿ ಲೈಟು, ಧೂಳಿನ ಬಗ್ಗೆ ರಿಪೋರ್ಟಿನಾಗ ಒಂದ ಸಾಲೂ ಇಲ್ಲಂತ.

ಮಂದಿಗೆ ಕೆಲಸ ಸಿಗಲಿ, ಬ್ಯಾಡ ಅನ್ನಂಗಿಲ್ಲ. ಸಾರ್ವಜನಿಕ ಅಹವಾಲು ಇದ್ರ 2006ರ ಇಐಎ ಅಧಿಸೂಚನೆ ಪ್ರಕಾರ ರಿಪೋರ್ಟಿನ ಸಾರಾಂಶ ಕನ್ನಡದಾಗೂ ಕೊಡಬೇಕು, ಅದರ ಜೋಡಿ ಈ ಫೋಟೋಗಳನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪಂಚಾಯ್ತಿ ಗ್ವಾಡಿಗೆ ಹಚ್ಚಲಿ.