ಯೋಜನೆಯ ಕೆಲಸದ ಪಟ್ಟಿ ಕಮಾಂಡ್ ಲೈನ್‌ನಲ್ಲಿ ಇರಬೇಕೇ?

ಪರ: ಕೈ ಇರುವಲ್ಲೇ ಪಟ್ಟಿಯೂ ಇರಲಿ

ಕೋಡ್ ಬರೆಯುವಾಗ ಹೊಳೆಯುವ ಬಾಕಿ ಕೆಲಸಗಳಿಗೆ ಆಯುಸ್ಸು ಕಡಿಮೆ. ಖಾಲಿ ಫೈಲ್ ಕೊಟ್ಟರೆ ಈ ಫಂಕ್ಷನ್ ಮುಗ್ಗರಿಸುತ್ತದೆ ಎಂದು ಗೊತ್ತಾಗುತ್ತದೆ, ಆದರೆ ಆಗ ಮಾಡುತ್ತಿರುವುದು ಬೇರೆ ಕೆಲಸ. ಬ್ರೌಸರ್ ತೆರೆದು, ಲಾಗಿನ್ ಆಗಿ, ಸರಿಯಾದ ಪುಟ ಹುಡುಕುವಷ್ಟರಲ್ಲಿ ಯೋಚನೆಯ ಎಳೆಯೇ ತಪ್ಪಿಹೋಗುತ್ತದೆ. ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಾದರೆ, ಅಂದರೆ ಕಮಾಂಡ್ ಲೈನ್‌ನಲ್ಲಾದರೆ, ಒಂದು ಸಾಲು ಟೈಪ್ ಮಾಡಿ ಬಿಟ್ಟಲ್ಲಿಂದ ಮುಂದುವರಿಯುತ್ತೇನೆ.

ತಂತ್ರಜ್ಞಾನ ಬ್ಲಾಗರ್ ಜೀನಾ ಟ್ರಪಾನಿ 2006ರಲ್ಲಿ ರೂಪಿಸಿದ, ಕೆಲಸಗಳನ್ನು ಸರಳ ಪಠ್ಯ ಫೈಲಿನಲ್ಲಿ ಬರೆದಿಡುವ ಟುಡು.ಟಿಎಕ್ಸ್‌ಟಿ ಪದ್ಧತಿ ನನಗೆ ಅಚ್ಚುಮೆಚ್ಚು. ಸಾಲಿಗೊಂದು ಕೆಲಸ, ಯೋಜನೆಯ ಹೆಸರಿಗೆ ಪ್ಲಸ್ ಚಿಹ್ನೆ, ಮುಗಿದರೆ ಸಾಲಿನ ಆರಂಭದಲ್ಲಿ ಒಂದು ಎಕ್ಸ್. ಅದರ ವ್ಯಾಕರಣ ಹೆಚ್ಚುಕಡಿಮೆ ಅಷ್ಟೇ. 1970ರ ದಶಕದಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ, ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಇಂದಿಗೂ ಈ ಫೈಲಿನಲ್ಲಿ ಬೇಕಾದ ಸಾಲನ್ನು ಸಲೀಸಾಗಿ ಹುಡುಕಿಕೊಡುತ್ತದೆ. ಯಾವ ಸೇವೆ ನಿಂತುಹೋದರೂ ಫೈಲ್ ನನ್ನ ಬಳಿಯೇ ಉಳಿಯುತ್ತದೆ.

ದೊಡ್ಡ ಲಾಭ ಬೇರೆಯೇ ಇದೆ. ಪಟ್ಟಿಯನ್ನು ಕೋಡ್ ಜೊತೆಗೆ ಗಿಟ್ ರೆಪಾಸಿಟರಿಯಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಂಗ್ರಹದಲ್ಲಿ) ಇಟ್ಟರೆ, ದೋಷ ಸರಿಪಡಿಸಿದ ಕಮಿಟ್‌ನಲ್ಲೇ, ಅಂದರೆ ಆ ಬದಲಾವಣೆಯ ದಾಖಲೆಯಲ್ಲೇ, ಆ ಕೆಲಸಕ್ಕೂ ಎಕ್ಸ್ ಬೀಳುತ್ತದೆ. ಏಕೆ ಮಾಡಿದೆವು, ಎಂದು ಮಾಡಿದೆವು ಎಂಬುದು ವರ್ಷಗಳ ನಂತರವೂ ಒಂದೇ ಕಡೆ ಸಿಗುತ್ತದೆ.

ಯಾವುದನ್ನು ಮೊದಲು ಮಾಡಲಿ ಎಂಬ ಗೊಂದಲಕ್ಕೆ ಟಾಸ್ಕ್‌ವಾರಿಯರ್ ಎಂಬ ಟರ್ಮಿನಲ್ ಸಾಧನ ಇದೆ. ಅದು ಪ್ರತಿ ಕೆಲಸಕ್ಕೂ ತುರ್ತಿನ ಅಂಕ ಲೆಕ್ಕ ಹಾಕುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಹೆಚ್ಚಿನ ಆದ್ಯತೆಗೆ 6 ಅಂಕವಾದರೆ, ಬೇರೆ ಕೆಲಸಗಳನ್ನು ತಡೆಹಿಡಿದಿರುವ ಕೆಲಸಕ್ಕೆ 8. ನನ್ನ ಅನುಭವದಲ್ಲೂ ಇದು ಸರಿ: ಮುಖ್ಯ ಎಂದು ಗುರುತು ಹಾಕಿದ್ದಕ್ಕಿಂತ, ದಾರಿಗೆ ಅಡ್ಡ ನಿಂತದ್ದನ್ನು ಮೊದಲು ಮುಗಿಸುವುದೇ ಜಾಣತನ.

ವಿರೋಧ: ಯೋಜನೆ ಒಬ್ಬರದಲ್ಲ

ವೈಯಕ್ತಿಕ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯೋಜನೆ ಎಂದರೆ ಕೋಡ್ ಬರೆಯುವವರಷ್ಟೇ ಅಲ್ಲ. ವಿನ್ಯಾಸಕಿ, ಅನುವಾದಕ, ಬಳಕೆದಾರರ ದೂರು ಕೇಳಿಸಿಕೊಳ್ಳುವವರು, ಇವರೆಲ್ಲ ಟರ್ಮಿನಲ್ ತೆರೆಯುವುದಿಲ್ಲ. ತೆರೆಯಬೇಕಾದ ಅಗತ್ಯವೂ ಇಲ್ಲ. ಪಟ್ಟಿ ಅಲ್ಲಿಗೆ ಹೋದ ದಿನದಿಂದ ಅವರು ಹೇಳಬೇಕಾದದ್ದು ಯಾರದೋ ಮೂಲಕ ಹೇಳಿಸಬೇಕಾದ ಮಾತಾಗುತ್ತದೆ. ಅವರ ಹೆಸರಿನಲ್ಲಿ ಬರೆದಿಡುವವರು ಒಂದು ದಿನ ಮರೆಯುತ್ತಾರೆ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ: ವಿನ್ಯಾಸಕಿಯೊಬ್ಬರು ಮೂರು ಬಾರಿ ಹೇಳಿದ ದೋಷ ಪಟ್ಟಿಯಲ್ಲೇ ಇರಲಿಲ್ಲ, ಬಿಡುಗಡೆಯಾದ ಮೇಲೆ ಎಲ್ಲರ ಕಣ್ಣಿಗೆ ಬಿತ್ತು.

ಗಿಟ್‌ನಲ್ಲಿ ಪಟ್ಟಿ ಇಡುವುದೂ ಅಷ್ಟು ಸಲೀಸಲ್ಲ. ಇಬ್ಬರು ತಮ್ಮ ತಮ್ಮ ಬ್ರಾಂಚ್‌ಗಳಲ್ಲಿ (ಕೋಡಿನ ಪ್ರತ್ಯೇಕ ಕವಲುಗಳಲ್ಲಿ) ಒಂದೇ ಫೈಲಿನ ಕೊನೆಗೆ ಒಂದೊಂದು ಸಾಲು ಸೇರಿಸಿದರೆ ಸಾಕು, ಅವನ್ನು ಕೂಡಿಸುವಾಗ ಯಾವ ಬದಲಾವಣೆ ಉಳಿಯಬೇಕೆಂದು ಗಿಟ್‌ಗೆ ತಿಳಿಯದ ಮರ್ಜ್ ಸಂಘರ್ಷ ಬರುತ್ತದೆ. ಬ್ರಾಂಚ್ ವಿಲೀನವಾಗುವವರೆಗೆ ಒಬ್ಬರು ಬರೆದ ಕೆಲಸ ಇನ್ನೊಬ್ಬರಿಗೆ ಕಾಣುವುದೂ ಇಲ್ಲ.

ಸರಳ ಪಠ್ಯ ಶಾಶ್ವತ ಎಂಬ ವಾದವನ್ನು ಎಲ್ಲ ಸಾಧನಗಳಿಗೂ ಹಚ್ಚಲಾಗದು. ಟಾಸ್ಕ್‌ವಾರಿಯರ್ 2024ರ 3.0 ಆವೃತ್ತಿಯಲ್ಲಿ ಪಠ್ಯ ಫೈಲುಗಳನ್ನು ಬಿಟ್ಟು ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹೋಯಿತು. ಅಲ್ಲಿ ಕೆಲಸಗಳನ್ನು ಗುರುತಿಸುವ ಕಿರುಸಂಖ್ಯೆಗಳೂ ಸ್ಥಿರವಲ್ಲ. ಒಂದು ಕೆಲಸ ಮುಗಿಸಿ ಪಟ್ಟಿ ನೋಡಿದರೆ ಉಳಿದವು ಹೊಸ ಸಂಖ್ಯೆ ಪಡೆದಿರಬಹುದು. ಹಳೆಯ ಸಂಖ್ಯೆಯ ನೆನಪಿನಲ್ಲಿ ‘3ನೇ ಕೆಲಸ ಮುಗಿಯಿತು’ ಎಂದು ಬರೆದರೆ, ಇನ್ನೂ ಶುರುವಾಗದ ಕೆಲಸವೊಂದು ಸದ್ದಿಲ್ಲದೆ ಮುಗಿದವುಗಳ ಸಾಲಿಗೆ ಸೇರುತ್ತದೆ.

ನಾವು ಕೇಳಿದಾಗ ಮಾತ್ರ ಟರ್ಮಿನಲ್ ಉತ್ತರಿಸುತ್ತದೆ, ಗಡುವು ಮೀರುತ್ತಿದ್ದರೂ ತಾನಾಗಿ ಕರೆಯುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದ ತಂಡಕ್ಕೆ ನಾಳೆಯ ಗಡುವನ್ನು ಇಂದು ರಾತ್ರಿ ನೆನಪಿಸುವವರು ಯಾರು?