ಎಷ್ಟು ಎಂಎಂ ಉಳಿದಿದೆ, ಅದನ್ನು ಮೊದಲು ಹೇಳಿ

ಕಾರಿನ ಬ್ರೇಕ್ ಅಳೆಯದೇ ಬಿಲ್ ಬರೆಯುವ ಗ್ಯಾರೇಜಿನವರ ಮೇಲೆ ಬೆಳಿಗ್ಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಕಾರು ಇರುವವರು, ಅದರಲ್ಲೂ ನಮ್ಮ ಘಾಟಿಗಳಲ್ಲಿ ಓಡಾಡುವವರು ಪೂರ್ತಿ ಓದಿ.

ಪಕ್ಕದ ತೋಟದ ಅಕ್ಕ ನಿಮ್ಮಲ್ಲಿ ಹಲವರಿಗೆ ಗೊತ್ತು. ಭಾವ ಹೋದ ಮೇಲೆ ತೋಟ, ಬ್ಯಾಂಕು, ಕಾರು ಎಲ್ಲ ಅವರೊಬ್ಬರದ್ದೇ. ಮಾಮೂಲಿ ಸರ್ವಿಸ್ ಅಂತ ಚಿಕ್ಕಮಗಳೂರಲ್ಲಿ ಕಾರು ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ವಾಟ್ಸಾಪಲ್ಲಿ ಎಸ್ಟಿಮೇಟ್ ಬಂತು. ಮುಂದಿನ ಪ್ಯಾಡ್ 2,400, ಡಿಸ್ಕ್ ಎರಡಕ್ಕೆ 6,800, ಹಿಂದಿನ ಶೂ 2,000, ಕ್ಯಾಲಿಪರ್ ಓವರ್‌ಹಾಲ್ 3,200, ಬ್ರೇಕ್ ಆಯಿಲ್ 900, ಲೇಬರ್ ಮತ್ತು ಕ್ಲೀನಿಂಗ್ 3,000. ಒಟ್ಟು 18,300 ರೂಪಾಯಿ. (ಗೊತ್ತಿಲ್ಲದವರಿಗೆ: ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸೋದು ಪ್ಯಾಡ್, ಪ್ಯಾಡನ್ನು ಒತ್ತೋದು ಕ್ಯಾಲಿಪರ್. ಹಿಂದಿನ ಚಕ್ರದಲ್ಲಿ ಪ್ಯಾಡಿನ ಕೆಲಸ ಮಾಡೋದು ಶೂ.) ಹಿಂದೆಯೇ ಫೋನು. "ಮೇಡಂ, ಬ್ರೇಕ್ ಪೂರ್ತಿ ಹೋಗಿದೆ. ನೀವು ಘಾಟಿ ರೋಡಲ್ಲಿ ಒಬ್ಬರೇ ಓಡಾಡೋರು, ಹೀಗೇ ತಗೊಂಡು ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ."

ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದರು. "ನೀನು ಪೇಟೇಲೇ ಇದ್ದೀಯಲ್ಲ, ಒಂಚೂರು ಹೋಗಿ ನೋಡು ಮಾರಾಯ. ನಂಗೆ ಕೈಕಾಲೇ ಆಡ್ತಿಲ್ಲ."

ಹೋದೆ. ಕೇಳಿದ್ದು ಒಂದೇ ಪ್ರಶ್ನೆ. ಪ್ಯಾಡ್ ಎಷ್ಟು ಎಂಎಂ ಉಳಿದಿದೆ?

"ತುಂಬಾ ಸವೆದಿದೆ ಸಾರ್."

ಎಷ್ಟು?

"ಘಾಟಿ ರೋಡು ಸಾರ್. ಜೀವ ಮುಖ್ಯ ಅಲ್ವಾ?"

ನನ್ನ ಸಿಟ್ಟು ಇರೋದು ಈ ಉತ್ತರದ ಮೇಲೆ. ಅಳತೆ ಕೇಳಿದರೆ ಹೆದರಿಕೆ ಕೊಡುತ್ತಾರೆ. ನಾವು ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ತಗೊಂಡು ಹೋದರೆ ವ್ಯಾಪಾರಿ ಮಾಯಿಶ್ಚರ್ ನೋಡುತ್ತಾನೆ, ಓಟಿ, ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತೆ ಅನ್ನುವ ಲೆಕ್ಕ, ತೆಗೆಯುತ್ತಾನೆ. ಒಂದು ಪಾಯಿಂಟ್ ಕಮ್ಮಿ ಬಂದರೂ ದುಡ್ಡು ಹಿಡಿಯುತ್ತಾನೆ. ಬೆಳೆಗಾರನಿಗೆ ಅಷ್ಟು ಅಳತೆ ಇರುವ ಊರಲ್ಲಿ, ಅದೇ ಬೆಳೆಗಾರ ಕಾರು ತಂದು ನಿಲ್ಲಿಸಿದರೆ "ತುಂಬಾ ಸವೆದಿದೆ" ಅನ್ನುವುದೇ ಲೆಕ್ಕವಾ?

ಚಕ್ರ ಬಿಚ್ಚಿ, ನನ್ನ ಎದುರಿಗೇ ಅಳೆಯಿರಿ ಅಂದೆ. ಮುಖ ಗಂಟು ಹಾಕಿಕೊಂಡರು, ಆದರೆ ಬಿಚ್ಚಿದರು. ಹೊರಗಿನ ಪ್ಯಾಡ್ 4 ಎಂಎಂ, ಒಳಗಿನದು 3 ಎಂಎಂ. ಹೊಸ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10 ಎಂಎಂ ಆಸುಪಾಸು ಇರುತ್ತೆ. 3ಕ್ಕೆ ಬಂದರೆ ಬದಲಾಯಿಸಬೇಕು. ಹಾಗಾಗಿ ಪ್ಯಾಡ್ ಹಾಕಬೇಕು ಅಂದದ್ದು ನಿಜ. ಅದನ್ನು ನಾನು ಅಲ್ಲೇ ಒಪ್ಪಿಕೊಂಡೆ. ಅಂದಹಾಗೆ ಅಲಾಯ್ ಚಕ್ರದ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ "ಚೆನ್ನಾಗಿದೆ" ಅಂತ ತೀರ್ಮಾನ ಮಾಡಬೇಡಿ. ಅಲ್ಲಿ ಕಾಣೋದು ಹೊರಗಿನ ಪ್ಯಾಡ್ ಮಾತ್ರ. ಸಣ್ಣ ಕಾರುಗಳಲ್ಲಿ ಒಳಗಿನದೇ ಹೆಚ್ಚಾಗಿ ಬೇಗ ಸವೆಯುತ್ತೆ. ಎರಡರ ನಡುವೆ ಜಾಸ್ತಿ ವ್ಯತ್ಯಾಸ ಕಂಡರೆ ಕ್ಯಾಲಿಪರ್ ಸರಿದಾಡುವ ಪಿನ್ ಜಾಮ್ ಆಗಿರಬಹುದು.

ಇನ್ನು ಡಿಸ್ಕ್. ಪ್ರತಿ ಡಿಸ್ಕಿಗೂ ಕಂಪನಿಯವರೇ ಒಂದು ಕನಿಷ್ಠ ದಪ್ಪ ಹೇಳಿರುತ್ತಾರೆ. ಬಹಳಷ್ಟು ಡಿಸ್ಕುಗಳ ಮೇಲೆ ಅದು ಅಚ್ಚಾಗಿಯೇ ಇರುತ್ತೆ, ತುಕ್ಕು ಒರೆಸಿ ನೋಡಬೇಕು. ಅಕ್ಕನ ಕಾರಿನಲ್ಲಿ 18 ಎಂಎಂ ಅಂತ ಇತ್ತು. ಅಳೆಯಲು ಹೇಳಿದೆ. ಮೊದಲು ಗ್ಯಾರೇಜಿನ ಹುಡುಗ ವರ್ನಿಯರನ್ನು (ದಪ್ಪ ಅಳೆಯುವ ಸಾಧನ) ಅಂಚಿನ ಮೇಲೇ ಇಟ್ಟ. ಅಂಚಿನಲ್ಲಿ ಸವೆಯದ ತುಟಿ ಉಳಿದಿರುತ್ತೆ, ಅಲ್ಲಿ ಅಳೆದರೆ ಇರುವುದಕ್ಕಿಂತ ದಪ್ಪ ತೋರಿಸುತ್ತೆ. ಅದನ್ನು ತಪ್ಪಿಸಿ ಒಳಗೆ ಅಳೆಸಿದಾಗ 19.4 ಬಂತು, ಅಂದರೆ ಮಿತಿಗಿಂತ ಜಾಸ್ತಿಯೇ ಇದೆ. ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಾ ಅಂತ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಇಲ್ಲ ಅಂದರು. ಡಿಸ್ಕಲ್ಲಿ ಬಿರುಕಿಲ್ಲ, ಆಳದ ಗೀರಿಲ್ಲ. ಹಾಗಿದ್ದರೆ 6,800 ಯಾಕೆ?

"ತುಕ್ಕು ಹಿಡಿದಿದೆ ಸಾರ್, ನೋಡಿ."

ಮಲೆನಾಡಲ್ಲಿ ರಾತ್ರಿ ಮಳೆಗೆ ನಿಂತ ಕಾರಿನ ಡಿಸ್ಕ್ ಬೆಳಿಗ್ಗೆ ಕೆಂಪಾಗಿಯೇ ಇರುತ್ತೆ. ಎರಕದ ಕಬ್ಬಿಣ ಅದು. ಗೇಟು ದಾಟಿ ನಾಲ್ಕು ಸಲ ಬ್ರೇಕ್ ಒತ್ತಿದರೆ ಆ ತೆಳು ತುಕ್ಕು ಉಜ್ಜಿ ಹೋಗುತ್ತೆ, ಕರಕರ ಸದ್ದೂ ನಿಲ್ಲುತ್ತೆ. ತಿಂಗಳುಗಟ್ಟಲೆ ಶೆಡ್ಡಲ್ಲಿ ನಿಂತು ಗುಳಿ ಬಿದ್ದಿದ್ದರೆ ಆ ಮಾತು ಬೇರೆ. ಮೇಲಿನ ಕೆಂಪು ತೋರಿಸಿ ಡಿಸ್ಕ್ ಮಾರುವುದು ಮೋಸ. ಮೆತ್ತಗೆ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಹಿಂದಿನ ಶೂ ಅರ್ಧಕ್ಕಿಂತ ಜಾಸ್ತಿ ಇತ್ತು. ಕ್ಯಾಲಿಪರಿನ ರಬ್ಬರ್ ಹರಿದಿಲ್ಲ, ಆಯಿಲ್ ಸೋರಿಲ್ಲ, ಪಿನ್ ಕೈಯಲ್ಲೇ ಸರಾಗವಾಗಿ ಸರಿಯಿತು. ಓವರ್‌ಹಾಲ್ ಯಾತಕ್ಕೆ ಅಂದರೆ ಉತ್ತರ ಇಲ್ಲ. ಕ್ಲೀನಿಂಗ್ ಅಂತ ಬೇರೆ ಚಾರ್ಜು. ಪ್ಯಾಡ್ ಹಾಕಲು ಚಕ್ರ, ಕ್ಯಾಲಿಪರ್ ಹೇಗೂ ಬಿಚ್ಚುತ್ತಾರೆ. ಧೂಳು ತೆಗೆದು ಪಿನ್ನಿಗೆ ಗ್ರೀಸ್ ಹಚ್ಚುವುದು ಅದೇ ಕೆಲಸದ ಭಾಗ.

ಬ್ರೇಕ್ ಆಯಿಲ್ ಮಾತ್ರ ನಾನೇ ಹಾಕಿ ಅಂದೆ. ಮೂರು ವರ್ಷದಿಂದ ಬದಲಾಯಿಸಿಲ್ಲ ಅಂತ ಸರ್ವಿಸ್ ಪುಸ್ತಕದಲ್ಲೇ ಇತ್ತು. ಇದನ್ನು ನಮ್ಮವರು ಕಡೆಗಣಿಸುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಈ ಆಯಿಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದರೂ 230 ಡಿಗ್ರಿ ತನಕ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಇಳಿಜಾರಲ್ಲಿ ಒಂದೇ ಸಮ ಬ್ರೇಕ್ ಒತ್ತಿದಾಗ ಬಿಸಿ ಏರಿ ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತೆ. ಆಗ ಪೆಡಲ್ ಒತ್ತಿದರೆ ಗುಳ್ಳೆ ಅಮುಕಿಕೊಳ್ಳುತ್ತೆ, ಕಾರು ನಿಲ್ಲೋದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬಹಳ ಕಂಪನಿಗಳು ಹೇಳೋದು ಇದಕ್ಕೇ.

ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮಗಳು ಉಜಿರೆಯಲ್ಲಿ ಓದುವಾಗ ಬಾಡಿಗೆ ಕಾರೊಂದರಲ್ಲಿ ಅವಳ ಜೊತೆ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಮಂಜು, ಮುಂದೆ ಲಾರಿ. ಡ್ರೈವರ್ ಬ್ರೇಕ್ ಒತ್ತಿದ, ಪೆಡಲ್ ಮೆತ್ತಗೆ ಒಳಗೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಬದಿಗೆ ನಿಲ್ಲಿಸಿದ. ಮಗಳು ನನ್ನ ಕೈ ಹಿಡಿದುಕೊಂಡವಳು ತುಂಬ ಹೊತ್ತು ಬಿಡಲಿಲ್ಲ. ಇವತ್ತಿಗೂ ಆ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರ ದಾಟಿದರೆ ನನಗೆ ಅದು ನೆನಪಾಗುತ್ತೆ. ಬ್ರೇಕ್ ವಿಷಯದಲ್ಲಿ ಹೆದರಿಕೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವುದನ್ನು ನೋಡಿದರೆ ಮೈ ಉರಿಯುತ್ತೆ.

"ಜೀವಕ್ಕಿಂತ 18 ಸಾವಿರ ಹೆಚ್ಚಾ? ಹೇಳಿದ್ದು ಹಾಕಿಸಿಬಿಡಬೇಕಪ್ಪ" ಅಂತ ಸಂಜೆ ಒಬ್ಬ ಸ್ನೇಹಿತ ಹೇಳಿದ. ನಾನು ಒಪ್ಪೋದಿಲ್ಲ. ಅದೇ ಕಾರಿನ ಹಿಂದಿನ ಎರಡೂ ಟೈರು ಬೋಳಾಗಿವೆ. ಸವೆತದ ಗುರುತಿನ ಗೆರೆ, ಅಂದರೆ 1.6 ಎಂಎಂ, ಅದಕ್ಕೆ ಟೈರು ಸಮವಾಗಿದೆ. ಎಸ್ಟಿಮೇಟಲ್ಲಿ ಟೈರಿನ ಮಾತೇ ಇಲ್ಲ! ಮಳೆಯಲ್ಲಿ ಕಾರು ನಿಲ್ಲಿಸೋದು ಕೊನೆಗೆ ಟೈರು. ಜೀವದ ಚಿಂತೆ ನಿಜಕ್ಕೂ ಇದ್ದಿದ್ದರೆ ಅದು ಮೊದಲು ಕಣ್ಣಿಗೆ ಬೀಳಬೇಕಿತ್ತು. ಬೇಡದ ಡಿಸ್ಕಿಗೆ ದುಡ್ಡು ಸುರಿದಿದ್ದರೆ ಅಕ್ಕ ಈ ವರ್ಷ ಟೈರ್ ಹಾಕಿಸುತ್ತಲೇ ಇರಲಿಲ್ಲ. ಅವರ ಕಷ್ಟ ನನಗೆ ಗೊತ್ತು. ಗ್ಯಾರೇಜಿನವರಿಗೆ ಟಾರ್ಗೆಟ್ ಇರುತ್ತೆ ಅನ್ನುವುದೂ ಗೊತ್ತು. ಅದು ಮಾಲೀಕರು ಮತ್ತು ಅವರ ನಡುವಿನ ವಿಷಯ, ಅಕ್ಕ ಯಾಕೆ ತೆರಬೇಕು?

ಬೆಲೆ ಸರಿಯಾ ಅಂತ ನೋಡುವುದು ಕಷ್ಟ ಇಲ್ಲ. ಪಾರ್ಟ್ ನಂಬರ್ ಕೇಳಿ, ಪೇಟೆಯ ಸ್ಪೇರ್ಸ್ ಅಂಗಡಿಗೆ ಒಂದು ಫೋನ್ ಮಾಡಿ. ಡಬ್ಬಿಯ ಮೇಲಿನ ಎಂಆರ್‌ಪಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18, ಇನ್ನೂ 28 ಹಾಕಿದ್ದರೆ ಕೇಳಿ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಕೊಡಿ ಅಂತ ಮೊದಲೇ ಹೇಳಿಬಿಡಿ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯೇ ಅನುಚಿತ ವ್ಯಾಪಾರ ಅನ್ನುತ್ತೆ. ಗ್ರಾಹಕ ಸಹಾಯವಾಣಿ ನಂಬರ್ 1915. ಹಾಗಂತ ಅಗ್ಗಕ್ಕೆ ಸಿಗುತ್ತೆ ಅಂತ ಹೆಸರಿಲ್ಲದ ಪ್ಯಾಡ್ ಹಾಕಿಸಬೇಡಿ, ಅದರಲ್ಲಿ ಉಳಿತಾಯ ಇಲ್ಲ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಪೆಡಲ್ ತಳಕ್ಕೆ ಹೋಗುತ್ತಿದ್ದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ, ಚಕ್ರದ ಒಳಬದಿ ಆಯಿಲ್ ಒದ್ದೆ ಕಂಡರೆ, ಹ್ಯಾಂಡ್ ಬ್ರೇಕ್ ಇಳಿಸಿದರೂ ಕೆಂಪು ದೀಪ ಆರದಿದ್ದರೆ, ಬೇರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ವಿಚಾರಿಸುವ ಸಮಯ ಅಲ್ಲ ಅದು. ಕಾರು ಅಲ್ಲೇ ನಿಲ್ಲಲಿ, ಟೋ ಮಾಡಿಸಿ. ಇದ್ಯಾವುದೂ ಇಲ್ಲದಿದ್ದರೆ ಅಳತೆ ಬರೆಸಿಕೊಂಡು, ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಕೇಳಲು ಟೈಮ್ ಇದೆ.

ಅಕ್ಕನ ಬಿಲ್ಲು ಕೊನೆಗೆ ಪ್ಯಾಡ್ 2,400, ಆಯಿಲ್ 900, ಲೇಬರ್ 1,100, ಒಟ್ಟು 4,400 ಆಯಿತು. ಟೈರ್ ಇನ್ನೂ ಆಗಬೇಕು, ಮಳೆ ಹಿಡಿಯುವುದಕ್ಕೆ ಮುಂಚೆ. ಆಲ್ದೂರು, ಮೂಡಿಗೆರೆ, ಚಿಕ್ಕಮಗಳೂರು ಕಡೆ ಕೇಳದೇ ಅಳತೆ ಬರೆದುಕೊಡುವ ಗ್ಯಾರೇಜು, ಟೈರ್ ಅಂಗಡಿ ನಿಮಗೆ ಗೊತ್ತಿದ್ದರೆ ಕೆಳಗೆ ಹಾಕಿ. ನಾಳೆಯೇ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ.