ಬಿಸಿಲಿನ ಜೊತೆಗೆ ಗಾಳಿಯ ತೇವವನ್ನೂ ನೋಡಿ

ಹವಾಮಾನ ಬದಲಾಗಿ ಬೇಸಿಗೆ ಬಿರುಸಾಗಿದೆ, ಬೇಗ ಎದ್ದು ಓಡಿ, ನೀರು ಚೆನ್ನಾಗಿ ಕುಡಿಯಿರಿ ಎಂಬುದು ಓಡುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ. ಇಷ್ಟು ಸಾಲದು. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗುತ್ತದೆ. ಬೆವರು ಸುರಿದರೆ ಸಾಲದು, ಆರಿದರೆ ಮಾತ್ರ ಮೈ ತಣಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಬೇಗ ಆರುವುದಿಲ್ಲ. ಅದಕ್ಕೇ 40 ಡಿಗ್ರಿಯ ಒಣ ಕಲಬುರಗಿಗಿಂತ 32 ಡಿಗ್ರಿಯ ತೇವದ ಮಂಗಳೂರಿನ ಓಟ ಕೆಲವು ದಿನ ಹೆಚ್ಚು ಕಷ್ಟ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾದದ್ದು ಮಧ್ಯರಾತ್ರಿಗೆ. ಆದರೂ ಸೆಕೆಗೆ 68 ಮಂದಿಯಲ್ಲಿ 28 ಮಂದಿಗೆ ಓಟ ಮುಗಿಸಲಾಗಲಿಲ್ಲ.

ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ದಿನ 20 ನಿಮಿಷ ನಿಧಾನವಾಗಿ ಓಡಿ, ದಿನಕ್ಕೆ ಐದೈದು ನಿಮಿಷ ಏರಿಸಿ. ಓಟದ ಮುಂಚೆ, ಆಮೇಲೆ ತೂಕ ನೋಡಿಕೊಳ್ಳಿ: ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ದೀರ್ಘ ಓಟದಲ್ಲಿ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಂತಿ ಶುರುವಾಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು.

ಯಾರಾದರೂ ಅಸಂಬದ್ಧ ಮಾತಾಡುತ್ತಾ ತೂರಾಡಿದರೆ ಅದು ಶಾಖಾಘಾತ (ಹೀಟ್ ಸ್ಟ್ರೋಕ್) ಇರಬಹುದು. ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಈ ಬಿಸಿಯನ್ನು ಇಳಿಸುವುದಿಲ್ಲ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್‌ಗೆ ಕಾಯದೆ ನೆರಳಿಗೆ ಎಳೆದು, ಮೈಮೇಲೆ ತಣ್ಣೀರು ಸುರಿಯುತ್ತಲೇ ಗಾಳಿ ಬೀಸಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಹವಾಮಾನ ಬದಲಾವಣೆ ತಗ್ಗಿಸಲು ಸೈಕಲ್ ತುಳಿಯಿರಿ ಎಂಬ ಮಾತಿಗೆ ಬಂದರೆ, ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. 45 ಕಿ.ಮೀ. ಮೈಲೇಜಿನ ಸ್ಕೂಟರ್ ಬಿಟ್ಟು ದಿನಾ ಆರು ಕಿ.ಮೀ. ಸೈಕಲ್ ತುಳಿದರೆ ಸುಮಾರು 300 ಗ್ರಾಂ ಉಳಿಯುತ್ತದೆ. ಆದರೆ ದಾರಿಯ ಮರ ಕಡಿದ ಮೇಲೆ ಏಪ್ರಿಲ್‌ನಲ್ಲಿ ತುಳಿಯುವವರು ಯಾರು?